ಸೂಕ್ತ ಕಾಲ ಅಂದರೆ, ಯಾರಿಗೆ?

ಪ್ರವಾಸದ ಬರಹ ಅಂತ ಈಗ ಏನೇನು ಬರ್ತಾ ಇದೆಯೋ ಅದರಲ್ಲಿ ಒಂದು ಸಾಲು ತಪ್ಪುವುದೇ ಇಲ್ಲ. ಊರು ಯಾವುದಾದರೂ ಇರಲಿ, ಕೊನೆಗೊಂದು ಚೌಕಟ್ಟಿನೊಳಗೆ ಅಚ್ಚುಕಟ್ಟಾಗಿ ಕೂತಿರುತ್ತದೆ: ಭೇಟಿಗೆ ಸೂಕ್ತ ಕಾಲ, ಅಕ್ಟೋಬರ್‌ನಿಂದ ಫೆಬ್ರವರಿ. ಮಧುಗಿರಿ ಬೆಟ್ಟಕ್ಕೂ ಅದೇ, ಹಂಪಿಗೂ ಅದೇ, ಗೋಕರ್ಣಕ್ಕೂ ಅದೇ. ಕಡಲು ದಾಟಿ ಮೆಡಿಟರೇನಿಯನ್ ದಂಡೆಯ ಊರುಗಳಿಗೆ ಹೋದರೆ ತಿಂಗಳುಗಳು ಬದಲಾಗುತ್ತವೆ, ಧಾಟಿ ಮಾತ್ರ ಬದಲಾಗುವುದಿಲ್ಲ: ಏಪ್ರಿಲ್-ಮೇ, ತಪ್ಪಿದರೆ ಸೆಪ್ಟೆಂಬರ್-ಅಕ್ಟೋಬರ್. ಓದಿದವರು ತಲೆಯಾಡಿಸಿ ರಜೆ ಹಾಕುತ್ತಾರೆ. ಯಾರೂ ಈ ಸಾಲನ್ನು ಒಂದು ಬರಹ ಅಂತ ಓದುವುದಿಲ್ಲ. ಆದರೆ ಇಡೀ ಲೇಖನದಲ್ಲಿ ಅತಿ ಹೆಚ್ಚು ಜನ ಓದುವುದು, ಓದಿದ್ದನ್ನು ನಂಬಿ ದುಡ್ಡು ಖರ್ಚು ಮಾಡುವುದು ಈ ಒಂದು ಸಾಲಿಗೇ. ಹಾಗಾಗಿ ಇದನ್ನೊಮ್ಮೆ ವಿಮರ್ಶೆಗೆ ಇಡೋಣ. ಕವಿತೆಯನ್ನು ನಾಲ್ಕು ಪುಟ ಕೆದಕುವ ನಾವು ಈ ಸಾಲನ್ನು ಒಂದು ಪುಟವಾದರೂ ಕೆದಕಬಾರದೇ?

ಮೊದಲು ನಮ್ಮ ಸೀಮೆಯಿಂದಲೇ ಶುರು ಮಾಡ್ತೀನಿ. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ. ನಾಲ್ಕೂ ಹತ್ತಿರಹತ್ತಿರದ ತಾಲ್ಲೂಕು, ಹೆಚ್ಚುಕಡಿಮೆ ಒಂದೇ ಆಕಾಶ. ಈ ನಾಲ್ಕಕ್ಕೂ 'ಅಕ್ಟೋಬರ್‌ನಿಂದ ಫೆಬ್ರವರಿ' ಅನ್ನುವ ಒಂದೇ ಮುದ್ರೆ ಒತ್ತಿದರೆ ಏನಾಗುತ್ತದೆ ನೋಡಿ.

ಮಧುಗಿರಿ ಬೆಟ್ಟಕ್ಕೆ ಮುದ್ರೆ ಸರಿಹೋಗುತ್ತದೆ. ಅದು ಒಂದೇ ಬಂಡೆ. ಸುಮಾರು 1,200 ಮೀಟರ್ ಎತ್ತರಕ್ಕೆ ಹೋಗುವ ಆ ಕಲ್ಲು ಏಪ್ರಿಲ್‌ನಲ್ಲಿ ಕಾದ ಹೆಂಚು, ಮಳೆಯಲ್ಲಿ ಸೋಪು ಸವರಿದ ಕಲ್ಲು. ಚಳಿಗಾಲದ ಬೆಳಗಿನ ಜಾವ ಹತ್ತಿ ಬಿಸಿಲೇರುವುದರೊಳಗೆ ಇಳಿಯುವುದೇ ಬುದ್ಧಿವಂತಿಕೆ. ಇಲ್ಲಿಯವರೆಗೆ ತಕರಾರಿಲ್ಲ.

ಅಲ್ಲಿಂದ ಸಿರಾ ಕಡೆ ಬನ್ನಿ. ಕಗ್ಗಲಡು ಅನ್ನುವ ಹಳ್ಳಿ. ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವು ಬರುವುದು ಚಳಿ ಮುಗಿಯುವ ಹೊತ್ತಿಗೆ. ಗೂಡು, ಮೊಟ್ಟೆ, ಮರಿ, ಮರಿಯ ಗಲಾಟೆ ಎಲ್ಲ ನಡೆಯುವುದು ಬೇಸಿಗೆಯಲ್ಲಿ. ಮರಿಗೆ ರೆಕ್ಕೆ ಬಲಿತ ಮೇಲೆ, ಮಳೆಗಾಲದಲ್ಲಿ ಹೊರಡುತ್ತವೆ. 'ಸೂಕ್ತ ಕಾಲ' ನಂಬಿ ನವೆಂಬರ್‌ನಲ್ಲಿ ಬಂದವರಿಗೆ ಕಾಣುವುದು ಬರೀ ಹುಣಸೆಮರ. ಆ ಊರಿನವರು ಕೊಕ್ಕರೆಗಳಿಗೆ ತೊಂದರೆಯಾಗದಂತೆ ಮರ ಕಾಯುತ್ತಾರೆ, ಮನೆ ಮುಂದೆ ಬೀಳುವ ಹಿಕ್ಕೆ, ಮೀನಿನ ವಾಸನೆ ಎಲ್ಲ ಸಹಿಸುತ್ತಾರೆ. ಇವರ ಆ ಸಹನೆಯ ಕಾಲ ಯಾವುದೋ ಅದೇ ಕಗ್ಗಲಡಿನ ಕಾಲ. ಸುಡುವ ಏಪ್ರಿಲ್.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿ. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು, 798 ಎಕರೆ ಹುಲ್ಲುಗಾವಲು. ಹಸಿರು ಹುಲ್ಲಿನ ನಡುವೆ ಜಿಂಕೆ ನೆಗೆಯುವುದು ನೋಡಬೇಕಿದ್ದರೆ ಮಳೆ ಹಿಡಿದ ಮೇಲೆ ಬರಬೇಕು. ವಲಸೆ ಬರುವ ಗಿಡುಗಗಳನ್ನು ನೋಡಬೇಕಿದ್ದರೆ ಚಳಿಗಾಲ. ಒಂದೇ ಜಾಗ, ಎರಡು ಕಾಲ, ಎರಡೂ ಸರಿ.

ಗೊರವನಹಳ್ಳಿಗೆ ಬನ್ನಿ. ಮಹಾಲಕ್ಷ್ಮಿ ಗುಡಿಗೆ ಹವಾಮಾನ ಇಲಾಖೆ ಕಾಲ ಹೇಳುವುದಿಲ್ಲ, ಪಂಚಾಂಗ ಹೇಳುತ್ತದೆ. ಶ್ರಾವಣದ ಶುಕ್ರವಾರ, ಅದರಲ್ಲೂ ವರಮಹಾಲಕ್ಷ್ಮಿ ಹಬ್ಬದ ದಿನ ಕಾಲಿಡಲು ಜಾಗ ಇರುವುದಿಲ್ಲ. ಪಾವಗಡದ ಶನಿಮಹಾತ್ಮನಿಗೆ ಶ್ರಾವಣದ ಶನಿವಾರಗಳು. ಸುಖದ ಲೆಕ್ಕ ಹಾಕುವವರಿಗೆ ಇವು ಅತಿ ಕೆಟ್ಟ ದಿನಗಳು. ಹರಕೆ ಹೊತ್ತವರಿಗೆ ಅವೇ ದಿನಗಳು ಬೇಕು. ಆ ನೂಕುನುಗ್ಗಲೂ ದರ್ಶನದ ಒಂದು ಭಾಗ.

ಅಲ್ಲಿಗೆ ನಾಲ್ಕು ತಾಲ್ಲೂಕಿನಲ್ಲೇ ಆ ಸಾಲು ಕುಸಿದು ಬಿತ್ತು. ಅದು ಒಂದು ಜಾಗದ ಬಗ್ಗೆ ಏನೂ ಹೇಳುತ್ತಿಲ್ಲ. ಹೇಳುತ್ತಿರುವುದು ಒಂದು ಮೈಯ ಬಗ್ಗೆ: ಬೆವರಬಾರದು, ನೆನೆಯಬಾರದು, ಫೋಟೋದಲ್ಲಿ ಆಕಾಶ ನೀಲಿ ಇರಬೇಕು ಅನ್ನುವ ಮೈ. ಅದರಲ್ಲಿ ತಪ್ಪೇನೂ ಇಲ್ಲ. ವಯಸ್ಸಾದವರಿಗೆ, ಕೈಗೂಸು ಇರುವವರಿಗೆ ಅದೇ ಮುಖ್ಯ. ಆದರೆ ಅದನ್ನು 'ನನ್ನ ಮೈಗೆ ಸೂಕ್ತ' ಅಂತ ಬರೆಯಬೇಕು, 'ಊರಿಗೆ ಸೂಕ್ತ' ಅಂತ ಅಲ್ಲ.

ಇನ್ನು ಆ ಅಕ್ಟೋಬರ್‌ನ್ನೇ ಸ್ವಲ್ಪ ನೋಡೋಣ. ನಮ್ಮ ಕಡೆ ಮಳೆ ಅಂದರೆ ಜೂನ್ ಅಲ್ಲ. ಮಲೆನಾಡು ತೊಯ್ದು ತೊಪ್ಪೆಯಾಗಿರುವಾಗ ಇಲ್ಲಿ ಬರೀ ಗಾಳಿ. ನಮಗೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ. ರಾಗಿ ತೆನೆ ಹಾಲು ತುಂಬುವುದು, ಕೆರೆ ಕೋಡಿ ಬೀಳುವುದು, ದೇವರಾಯನದುರ್ಗದಲ್ಲಿ ಹುಟ್ಟಿ ವರ್ಷದ ಬಹುಪಾಲು ಮರಳಾಗಿ ಮಲಗಿರುವ ಜಯಮಂಗಲಿ ಎದ್ದರೆ ಏಳುವುದು, ಎಲ್ಲ ಈ ಮಳೆಗಳ ಮೇಲೆ. ಬೆಂಗಳೂರಿಂದ ಕಾರಿನಲ್ಲಿ ಬಂದವರು 'ಛೆ, ಮಳೆ ಬಂದು ಟ್ರಿಪ್ಪು ಹಾಳಾಯ್ತು' ಅಂತಾರಲ್ಲ, ಆ ಮಾತನ್ನು ಇಲ್ಲಿನ ರೈತ ಕೇಳಿಸಿಕೊಂಡರೆ ಏನನ್ನಬೇಕು? ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಅನ್ನುವ ಗಾದೆ ಕಟ್ಟಿದ ಜನ ಇವರು. ಬರುವವರ ಕೆಟ್ಟ ಕಾಲ ಇರುವವರ ಒಳ್ಳೆಯ ಕಾಲ. ಇದು ಬರೀ ಮಾತಿನ ಚಮತ್ಕಾರ ಅಲ್ಲ. ಚಿತ್ತೆ ಮಳೆ ಕೈಕೊಟ್ಟ ವರ್ಷ ಪ್ರವಾಸಿಗೆ ನೀಲಿ ಆಕಾಶ ಸಿಗುತ್ತದೆ, ಊರಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತದೆ.

ಆ ನೀಲಿ ಆಕಾಶಕ್ಕೆ ಬೆಲೆ ಕಟ್ಟಿದ ಉದಾಹರಣೆಯೂ ನಮ್ಮಲ್ಲೇ ಇದೆ. ಪಾವಗಡದ ತಿರುಮಣಿ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ನಿಂತಿದೆ. ಮೊದಲ ಹಂತ ಉದ್ಘಾಟನೆಯಾದದ್ದು 2018ರ ಮಾರ್ಚ್‌ನಲ್ಲಿ. ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು, ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಯಾವ ಬಿಸಿಲು ಶೇಂಗಾ ಒಣಗಿಸಿ ಜನರನ್ನು ಬೆಂಗಳೂರಿಗೆ ಗುಳೆ ಕಳಿಸುತ್ತಿತ್ತೋ ಅದೇ ಬಿಸಿಲಿಗೆ ಬಾಡಿಗೆ. ಇದನ್ನು ಇಲ್ಲಿ ಯಾಕೆ ಹೇಳಿದೆ ಅಂದರೆ, ಬಿಸಿಲನ್ನು ಬಾಡಿಗೆಗೆ ಕೊಡುವ ಕಸುಬಿಗೆ ಮೆಡಿಟರೇನಿಯನ್ ದಂಡೆ ಇಳಿದು ನೂರು ವರ್ಷವಾಯಿತು. ಅಲ್ಲಿ ಸೋಲಾರ್ ತಟ್ಟೆಯ ಬದಲು ಮನುಷ್ಯರು ಮಲಗುತ್ತಾರೆ, ಅಷ್ಟೇ ವ್ಯತ್ಯಾಸ.

ಈಗ ಆ ದಂಡೆಗೆ ಹೋಗೋಣ. ಫ್ರಾನ್ಸಿನ ನೀಸ್ ನಗರವನ್ನೇ ತೆಗೆದುಕೊಳ್ಳಿ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್ ಆಸುಪಾಸು, ನಮ್ಮ ಕೊರಟಗೆರೆಗೆ ಹತ್ತಿರಹತ್ತಿರ ಅಷ್ಟೇ. ಆದರೆ ಬೀಳುವ ಕಾಲ ಬೇರೆ. ನಮಗೆ ಬಿಸಿಯ ಅರ್ಧವರ್ಷದಲ್ಲಿ ಮಳೆ, ಚಳಿಯಲ್ಲಿ ಒಣ. ಅವರಿಗೆ ಬೇಸಿಗೆ ಒಣ, ಮಳೆಯೆಲ್ಲ ಶರತ್ಕಾಲ ಮತ್ತು ಚಳಿಗಾಲಕ್ಕೆ. ಹಾಗಾಗಿ 'ಬೇಸಿಗೆ ಬೇಡಪ್ಪ, ಚಳಿಗಾಲದಲ್ಲಿ ಹೋಗೋಣ' ಅನ್ನುವ ನಮ್ಮ ಮಾಮೂಲಿ ಲೆಕ್ಕ ಅಲ್ಲಿ ನಡೆಯುವುದಿಲ್ಲ ಅಂತ ಎಲ್ಲ ಕೈಪಿಡಿಗಳೂ ಎಚ್ಚರಿಸುತ್ತವೆ.

ತಮಾಷೆ ಏನೆಂದರೆ, ಆ ಲೆಕ್ಕ ಅಲ್ಲಿ ನಡೆಯುತ್ತಿತ್ತು! ನೀಸ್ ಹೆಸರಾದದ್ದೇ ಚಳಿಗಾಲದ ಊರಾಗಿ. ಹದಿನೆಂಟನೇ ಶತಮಾನದಲ್ಲಿ ಇಂಗ್ಲಿಷರು ತಮ್ಮ ದೇಶದ ಮಂಜು, ಕೆಮ್ಮು ತಪ್ಪಿಸಿಕೊಳ್ಳಲು ಅಲ್ಲಿಗೆ ಬರತೊಡಗಿದರು. ಕಡಲ ದಂಡೆಯ ಪ್ರಸಿದ್ಧ ರಸ್ತೆಗೆ ಇವತ್ತಿಗೂ ಇಂಗ್ಲಿಷರ ಹೆಸರೇ ಇದೆ. ವಿಕ್ಟೋರಿಯಾ ರಾಣಿ 1895ರಿಂದ 1899ರವರೆಗೆ ವರ್ಷವರ್ಷವೂ ಬಂದದ್ದು ಚಳಿ ಮುಗಿಯುವ ಹೊತ್ತಿಗೆ. ಬೇಸಿಗೆ ಬಂತೆಂದರೆ ದೊಡ್ಡ ಹೋಟೆಲುಗಳು ಬಾಗಿಲು ಹಾಕುತ್ತಿದ್ದವು. ಆ ಉರಿಯಲ್ಲಿ ಯಾರು ಸಾಯ್ತಾರೆ ಅನ್ನುವ ಹಾಗೆ. ಬಿಸಿಲಿಗೆ ಮೈಯೊಡ್ಡುವುದು ಕೂಲಿಯವರ ಕೆಲಸ, ಬಿಳಿ ಚರ್ಮ ದೊಡ್ಡವರ ಲಕ್ಷಣ ಅನ್ನುವ ಕಾಲ ಅದು.

ಇಪ್ಪತ್ತನೇ ಶತಮಾನದ ಇಪ್ಪತ್ತು, ಮೂವತ್ತರ ದಶಕದಲ್ಲಿ ಎಲ್ಲ ತಲೆಕೆಳಗಾಯಿತು. ಕಂದಿದ ಚರ್ಮ ಫ್ಯಾಶನ್ ಆಯಿತು. 1923ರ ಬೇಸಿಗೆಯಲ್ಲಿ ಕೆಲವು ಅಮೆರಿಕನ್ನರಿಗಾಗಿ ಪಕ್ಕದ ಆಂಟೀಬ್‌ನ ಹೋಟೆಲೊಂದು ಬಾಗಿಲು ತೆರೆದಿಟ್ಟಿತು. 1936ರಲ್ಲಿ ಫ್ರಾನ್ಸಿನ ಕಾರ್ಮಿಕರಿಗೆ ಸಂಬಳಸಹಿತ ಎರಡು ವಾರ ರಜೆಯ ಕಾನೂನು ಬಂತು. ಕಾರ್ಖಾನೆಗೆ ಬೇಸಿಗೆಯಲ್ಲಿ ರಜೆ, ಶಾಲೆಗೆ ಬೇಸಿಗೆಯಲ್ಲಿ ರಜೆ, ಜನ ರೈಲು ಹತ್ತಿದರು, ಬೇಸಿಗೆಯೇ 'ಸೂಕ್ತ ಕಾಲ' ಆಗಿಬಿಟ್ಟಿತು. ಸೂರ್ಯ ಒಂದಿಂಚೂ ಸರಿದಿರಲಿಲ್ಲ. ಸರಿದದ್ದು ಸಂಬಳ, ರಜೆ, ಚರ್ಮದ ಬಗೆಗಿನ ಅಭಿಪ್ರಾಯ. 2021ರಲ್ಲಿ ಯುನೆಸ್ಕೋ ನೀಸ್ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಏನಂತ ಗೊತ್ತೇ? ಚಳಿಗಾಲದ ವಿಹಾರ ನಗರ ಅಂತ!

ಈಗ ಲೋಲಕ ಮತ್ತೆ ಆ ಕಡೆ ವಾಲುತ್ತಿದೆ. 2023ರ ಜುಲೈನಲ್ಲಿ ಅಥೆನ್ಸ್‌ನವರು ಬಿಸಿಲಿನ ಝಳಕ್ಕೆ ಅಕ್ರೊಪೊಲಿಸ್ಸನ್ನು ಮಧ್ಯಾಹ್ನದ ಹೊತ್ತು ಮುಚ್ಚಬೇಕಾಯಿತು. ಹಾಗಾಗಿ ಈಗ ಎಲ್ಲರೂ ಹೇಳುವುದು ಸೆಪ್ಟೆಂಬರ್, ಅಕ್ಟೋಬರ್. ಸಮುದ್ರ ಬೆಚ್ಚಗಿರುತ್ತದೆ, ಜನ ಕಡಿಮೆ, ದರ ಕಡಿಮೆ. ನಿಜ. ಸಮುದ್ರ ನಮ್ಮ ಸೇದುವ ಬಾವಿ ಇದ್ದ ಹಾಗೆ, ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಆಗಸ್ಟ್‌ನ ಬಿಸಿ ಅಕ್ಟೋಬರ್‌ವರೆಗೂ ನೀರಿನಲ್ಲಿ ಉಳಿದಿರುತ್ತದೆ. ಆದರೆ ಅದೇ ಬಿಸಿನೀರಿನ ಮೇಲೆ ಉತ್ತರದ ತಣ್ಣನೆಯ ಗಾಳಿ ಬಂದು ಕೂತಾಗ ಏನಾಗುತ್ತದೆ ಅನ್ನುವುದನ್ನು ಚೌಕಟ್ಟಿನ ಸಾಲು ಹೇಳುವುದಿಲ್ಲ. 2015ರ ಅಕ್ಟೋಬರ್ 3ರ ರಾತ್ರಿ ನೀಸ್ ಆಸುಪಾಸಿನ ಕರಾವಳಿಯಲ್ಲಿ ಪ್ರವಾಹ. 2020ರ ಅಕ್ಟೋಬರ್ 2ರಂದು ನೀಸ್ ಹಿಂದಿನ ಕಣಿವೆಗಳಲ್ಲಿ ಅಲೆಕ್ಸ್ ಬಿರುಗಾಳಿ ಮನೆ, ಸೇತುವೆ ಕೊಚ್ಚಿಕೊಂಡು ಹೋಯಿತು. 2024ರ ಅಕ್ಟೋಬರ್ 29ರಂದು ಸ್ಪೇನಿನ ವಲೆನ್ಸಿಯಾದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಎಲ್ಲವೂ 'ಸೂಕ್ತ ಕಾಲ'ದೊಳಗೇ. ಹೋಗಬೇಡಿ ಅಂತಲ್ಲ. ಅಕ್ಟೋಬರ್‌ಗೆ ಹೋಗುವವರಿಗೆ 'ಹವಾಮಾನದ ಎಚ್ಚರಿಕೆ ನೋಡಿಕೊಳ್ಳಿ, ಹಳ್ಳದ ಪಕ್ಕ, ನೆಲಮಾಳಿಗೆಯಲ್ಲಿ ಇರಬೇಡಿ' ಅಂತ ಒಂದು ಮಾತು ಸೇರಿಸುವ ಹೊಣೆ ಬರೆಯುವವರಿಗೆ ಇರಬೇಕು ಅಂತ.

ಆ ದಂಡೆಯಲ್ಲೂ ಇರುವವರ ಲೆಕ್ಕ ಬೇರೆ ಇದೆ. 2024ರ ಫೆಬ್ರವರಿಯಲ್ಲಿ ಕ್ಯಾಟಲೋನಿಯಾ ಸರ್ಕಾರ ಬಾರ್ಸಿಲೋನಾ ಸೇರಿದಂತೆ ಬರದ ತುರ್ತು ಸ್ಥಿತಿ ಘೋಷಿಸಿತು. ನೀರಿಗೆ ಮಿತಿ ಬಿತ್ತು. ಅದೇ ವರ್ಷದ ಜುಲೈನಲ್ಲಿ ಅದೇ ಊರಿನ ಕೆಲವರು ಬೀದಿಯಲ್ಲಿ ಊಟಕ್ಕೆ ಕೂತ ಪ್ರವಾಸಿಗರ ಮೇಲೆ ನೀರಿನ ಪಿಚಕಾರಿ ಹಾರಿಸಿ ಪ್ರತಿಭಟಿಸಿದರು. ಅವರ ಕೂಗು ಮುಖ್ಯವಾಗಿ ಮನೆ ಬಾಡಿಗೆಯ ಬಗ್ಗೆ. ಪ್ರವಾಸಿಗರಿಗೆ ಕೊಟ್ಟರೆ ಹೆಚ್ಚು ಬರುತ್ತದೆ ಅಂತ ಊರಿನವರಿಗೆ ಮನೆ ಸಿಗದಂತಾಗಿದೆ ಅಂತ. ಮೈಗೆ ಹಿತವಾದ ತಿಂಗಳು ಅನ್ನುವ ಒಂದೇ ಅಳತೆ ಇಟ್ಟುಕೊಂಡು ಹೋದವರಿಗೆ ಆ ಪಿಚಕಾರಿ ಯಾಕೆ ಅಂತ ಅರ್ಥವಾಗುವುದಿಲ್ಲ.

ಹಾಗಾದರೆ ಒಳ್ಳೆಯ ಅಳತೆ ಯಾವುದು? ನನಗೆ ಅನ್ನಿಸುವುದು, ಅದು ಆಗಲೇ ಇದೆ, ನಾವು ಅದನ್ನು ಪ್ರವಾಸದ ಜ್ಞಾನ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಷ್ಟೇ. ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿ ಜಾತ್ರೆ ನಡೆಯುವುದು ರಥಸಪ್ತಮಿಯ ಸುಮಾರಿಗೆ. ದೊಡ್ಡ ದನದ ಜಾತ್ರೆ. ಅದೇ ಕಾಲ ಯಾಕೆ? ರಾಗಿ ಕೊಯ್ಲು, ಕಣ ಮುಗಿದಿರುತ್ತದೆ. ಎತ್ತಿಗೆ ಬಿಡುವು. ಬಣವೆಯಲ್ಲಿ ಹೊಸ ಹುಲ್ಲು. ಕೆರೆಕಟ್ಟೆಯಲ್ಲಿ ಇನ್ನೂ ನೀರು. ಕೈಯಲ್ಲಿ ನಾಲ್ಕು ಕಾಸು. ರಾತ್ರಿ ಬಯಲಲ್ಲಿ ಬೆಂಕಿ ಹಾಕಿಕೊಂಡು ಮಲಗಬಹುದಾದಷ್ಟೇ ಚಳಿ. ಬಂದವರಿಗೆ, ಬಂದವರ ದನಕ್ಕೆ, ಬರಮಾಡಿಕೊಳ್ಳುವ ಊರಿಗೆ, ಮೂವರಿಗೂ ಸೂಕ್ತವಾದ ಕಾಲ. ದೇವರಾಯನದುರ್ಗದ ತೇರು ಫಾಲ್ಗುಣದಲ್ಲಿ. ಅದೂ ಸುಗ್ಗಿ ಮುಗಿದ ಮೇಲೇ. ಜಾತ್ರೆಯ ತಾರೀಕು ಗೊತ್ತು ಮಾಡಿದವರು ಅತಿಥಿಯ ಸುಖ ಮಾತ್ರ ನೋಡಲಿಲ್ಲ, ಮನೆಯ ಕಣಜವನ್ನೂ ನೋಡಿದರು. ಈಗಿನ 'ಸೂಕ್ತ ಕಾಲ' ಸೋಲುವುದು ಇಲ್ಲೇ.

ಮೆಡಿಟರೇನಿಯನ್ ದಂಡೆಯಲ್ಲೂ ಇಂಥದೊಂದು ಜ್ಞಾನ ಬದುಕಿದೆ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಚಳಿಗಾಲದ ಬಿರುಮಳೆಗಳಿಗೆ ಒಂದೊಂದು ಹೆಸರಿದೆ, ಒಂದೊಂದಕ್ಕೂ ಹೆಚ್ಚುಕಡಿಮೆ ಗೊತ್ತಾದ ದಿನಗಳಿವೆ. 'ನವ್ವಾ' ಅಂತ ಕರೆಯುತ್ತಾರೆ. ನವೆಂಬರ್ ನಡುವಿನಲ್ಲಿ ಬರುವುದು 'ಮಕ್ನಸಾ', ಅಂದರೆ ಪೊರಕೆ. ಬೀದಿಯನ್ನೆಲ್ಲ ಗುಡಿಸಿಬಿಡುವ ಮಳೆ. ಡಿಸೆಂಬರ್ ಮೊದಲಿಗೆ 'ಕಾಸಿಂ'. ಮಾರ್ಚ್ ಕೊನೆಗೆ 'ಅವ್ವಾ', ಅದು ಬಂದು ಹೋದರೆ ಆ ವರ್ಷದ ಕಾಟ ಮುಗಿಯಿತು. ಮೀನುಗಾರರು ಅದನ್ನು ನೋಡಿಕೊಂಡೇ ದೋಣಿ ಇಳಿಸುವುದು. ನಮ್ಮ ಮಳೆನಕ್ಷತ್ರದ ಪಟ್ಟಿಗೆ ಇದಕ್ಕಿಂತ ಹತ್ತಿರದ ನೆಂಟ ಸಿಗುವುದು ಕಷ್ಟ. ಹುಬ್ಬೆ, ಉತ್ತರೆ ಬಲ್ಲವರಿಗೆ ಮಕ್ನಸಾ ಪರದೇಶದ್ದು ಅನ್ನಿಸುವುದೇ ಇಲ್ಲ. ಅದೇ ಅಲೆಕ್ಸಾಂಡ್ರಿಯಾಕ್ಕೆ ಬೇಸಿಗೆಯಲ್ಲಿ ಕೈರೋದ ಸಂಸಾರಗಳು ಸೆಕೆ ತಾಳಲಾರದೆ ಬರುತ್ತವೆ, ಯುರೋಪಿನವರು ಅದೇ ಬೇಸಿಗೆಯನ್ನು ತಪ್ಪಿಸಿ ವಸಂತಕ್ಕೆ ಬರುತ್ತಾರೆ. ಒಂದೇ ಕಡಲು, ಎರಡು ದಿಕ್ಕಿನಿಂದ ಬಂದವರಿಗೆ ಎರಡು ಋತು.

ನಮ್ಮ ಪ್ರವಾಸ ಸಾಹಿತ್ಯ ಇದನ್ನು ಬಲ್ಲದು. ಎ.ಎನ್. ಮೂರ್ತಿರಾಯರು ಬರೆದ ಪುಸ್ತಕದ ಹೆಸರು 'ಅಪರವಯಸ್ಕನ ಅಮೆರಿಕಾ ಯಾತ್ರೆ'. ಹೆಸರಿನಲ್ಲೇ ಋತು ಇದೆ. ಆದರೆ ಅದು ಅಮೆರಿಕದ ಋತುವಲ್ಲ, ಹೋದವರ ಆಯುಸ್ಸಿನ ಋತು. ಹೋದವನು ಯಾವ ವಯಸ್ಸಿನಲ್ಲಿ, ಯಾವ ಕಣ್ಣಿನಿಂದ ನೋಡಿದ ಅನ್ನುವುದನ್ನು ಮೊದಲೇ ಹೇಳಿ ಓದುಗನನ್ನು ಒಳಗೆ ಕರೆಯುವ ಪ್ರಾಮಾಣಿಕತೆ ಅದು. ಹಳೆಯ ಮಹಾಕಾವ್ಯಗಳ ಅಷ್ಟಾದಶ ವರ್ಣನೆಯಲ್ಲಿ ಸಮುದ್ರ, ಪರ್ವತ, ಪುರ, ಋತು ಎಲ್ಲ ಬರಬೇಕು ಅನ್ನುವ ನಿಯಮವಿತ್ತು. ಯಾವ ಋತುವನ್ನೂ ಬಿಡು ಅನ್ನುವ ನಿಯಮ ಇರಲಿಲ್ಲ. ಗ್ರೀಷ್ಮವನ್ನೂ ಕವಿ ವರ್ಣಿಸಿದ. ಚೌಕಟ್ಟಿನ ಒಂದು ಸಾಲು ವರ್ಷದ ಏಳು ತಿಂಗಳನ್ನು ಕಸಕ್ಕೆ ಹಾಕುತ್ತದೆ. ಆ ಏಳು ತಿಂಗಳಲ್ಲೂ ಊರಿನವರು ಬದುಕಿರುತ್ತಾರೆ ಅನ್ನುವುದೇ ಅದಕ್ಕೆ ನೆನಪಿಲ್ಲ.

ಬರೀ ಬೈದು ಮುಗಿಸಿದರೆ ಅದು ವಿಮರ್ಶೆ ಅಲ್ಲ. ಹೊರಡುವವರಿಗೆ ಉಪಯೋಗಕ್ಕೆ ಬರುವ ಎರಡು ಮಾತು. ನಮ್ಮ ಕಡೆಯಿಂದ ಈಗ ಮೆಡಿಟರೇನಿಯನ್‌ಗೆ ಹೋಗುವವರು ಹೆಚ್ಚಿನಂಶ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು, ಅವರ ಜೊತೆ ಊರಿಂದ ಹೊರಟ ಅಪ್ಪ-ಅಮ್ಮ, ಶಾಲೆಗೆ ಹೋಗುವ ಮೊಮ್ಮಕ್ಕಳು. ಇವರ ಕಾಲವನ್ನು ಆರಿಸುವುದು ಶಾಲೆಯ ರಜೆ. ಅದೃಷ್ಟಕ್ಕೆ ನಮ್ಮ ಏಪ್ರಿಲ್-ಮೇ ರಜೆ ಅವರ ವಸಂತಕ್ಕೆ ಸರಿಯಾಗಿ ಕೂರುತ್ತದೆ. ಇಲ್ಲಿ ಮೂವತ್ತಾರು ಡಿಗ್ರಿ ಇರುವಾಗ ನೀಸ್‌ನ ಮೇ ಮಧ್ಯಾಹ್ನ ಇಪ್ಪತ್ತರ ಸುಮಾರು, ಸಂಜೆ ಎಂಟೂವರೆಯವರೆಗೂ ಬೆಳಕು. ನಡೆಯಲು, ಮಾರುಕಟ್ಟೆ ಸುತ್ತಲು, ವಯಸ್ಸಾದವರ ಮಂಡಿಗೆ ಒಳ್ಳೆಯದು. ನೀರಿಗಿಳಿಯುವ ಆಸೆ ಇದ್ದರೆ ಮಾತ್ರ ಕಷ್ಟ, ಸಮುದ್ರ ಇನ್ನೂ ಆರಿದ ಬಾವಿ. ಈಜಲೇಬೇಕು ಅನ್ನುವವರಿಗೆ ದಸರಾ ರಜೆ, ಮೇಲೆ ಹೇಳಿದ ಎಚ್ಚರಿಕೆಯ ಜೊತೆ. ದುಡ್ಡು ಕಡಿಮೆ, ಜನ ಬೇಡ, ಸ್ವೆಟರ್ ಇದೆ ಅನ್ನುವವರಿಗೆ ಜನವರಿ. ಐದು ಗಂಟೆ ದಾಟಿದರೆ ಕತ್ತಲೆ, ಆದರೆ ವಿಕ್ಟೋರಿಯಾ ರಾಣಿಯ ಕಾಲದವರು ನೋಡಿದ ಅದೇ ಎಳೆಬಿಸಿಲು. ಜುಲೈ-ಆಗಸ್ಟ್ ಬೇರೆ ದಾರಿಯೇ ಇಲ್ಲದವರಿಗೆ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು. ಏಪ್ರಿಲ್‌ಗೆ ಹೋಗುವವರು ಸಂಕ್ರಾಂತಿಗೇ ಕಾಗದ ಜೋಡಿಸಿಕೊಳ್ಳಿ.

ನಮ್ಮ ಊರುಗಳ ಬಗ್ಗೆ ಬರೆಯುವವರಿಗೂ ಒಂದು ವಿನಂತಿ. 'ಸೂಕ್ತ ಕಾಲ' ಅಂತ ಒಂದು ಸಾಲು ಬೇಡ, ನಾಲ್ಕು ಸಾಲು ಬರೆಯಿರಿ. ಬಂಡೆ ಹತ್ತುವವರಿಗೆ ಚಳಿಯ ಬೆಳಗು. ಕೊಕ್ಕರೆ ನೋಡುವವರಿಗೆ ಬೇಸಿಗೆ, ಕುಡಿಯುವ ನೀರು ನೀವೇ ತನ್ನಿ, ಆ ಹೊತ್ತಿಗೆ ಊರಿನಲ್ಲಿ ಅದಕ್ಕೆ ಬರ ಇರುತ್ತದೆ. ದೇವರಿಗೆ ಶ್ರಾವಣ. ದನ ನೋಡುವವರಿಗೆ ಮಾಘ. ಇನ್ನು ಚಿತ್ತೆ ಮಳೆ ಹಿಡಿದ ವಾರ ಬಂದುಬಿಟ್ಟರೆ, ತೀತಾ ಜಲಾಶಯದ ಏರಿ ಮೇಲೆ ನಿಂತು ನೀರು ನೋಡುತ್ತಿರುವ ಜನರ ಪಕ್ಕ ಸುಮ್ಮನೆ ಹೋಗಿ ನಿಲ್ಲಿ. ಫೋಟೋ ಮಂಕಾಗಿ ಬರುತ್ತದೆ. ಬರಲಿ ಬಿಡಿ.